ಅಣ್ಣನ ಮೊಣಕೈ

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು, ಇಬ್ಬರಿಗೂ ಕ್ರಿಕೆಟ್ ಹುಚ್ಚು. ಅಣ್ಣ ಮೈದಾನದಲ್ಲಿ ಆಡುತ್ತಿದ್ದ, ನಾನು ಕಂಪ್ಯೂಟರಿನಲ್ಲಿ. ಅವನು ಬೆವರು ಸುರಿಸಿಕೊಂಡು ಬಂದರೆ ಅಮ್ಮ ಮಜ್ಜಿಗೆ ಕೊಡುತ್ತಿದ್ದಳು. ನನಗೆ ಮಾತ್ರ, "ಆ ಪೆಟ್ಟಿಗೆ ಮುಂದೆ ಕುಂತು ಕುಂತು ಕಣ್ಣು ಕಿತ್ಕೊಂಡೋಗ್ತವೆ, ಎದ್ದೇಳೇ" ಎಂಬ ಮಂಗಳಾರತಿ. ಮೈ ಉರಿಯುತ್ತಿತ್ತು. ನನ್ನದೂ ಕ್ರಿಕೆಟ್ಟೇ ಅಲ್ಲವೇ?

ಆಗ ನಾವು ಯಲಹಂಕದ ಪಕ್ಕದ ಕೋಗಿಲಿನಲ್ಲಿದ್ದೆವು. ತಾತನ ಕಾಲದ ಹೊಲ ಸೈಟುಗಳಾಗಿ ಹೋಗಿ, ಸುತ್ತ ಮೂರಂತಸ್ತಿನ ಮನೆಗಳೆದ್ದು, ನಮ್ಮದೊಂದು ಹೆಂಚಿನ ಮನೆ ನಡುವೆ ಉಳಿದಿತ್ತು. ನಾನು ಡಿಪ್ಲೊಮಾ ಓದುತ್ತಿದ್ದೆ. ಕಾಲೇಜು ಬಿಟ್ಟು ಬಂದವಳೇ ಕೂರುತ್ತಿದ್ದದ್ದು ಒಂದೇ ಆಟಕ್ಕೆ. ವಿದೇಶದ ದೊಡ್ಡ ಕಂಪನಿಯೊಂದು ನಾನಿನ್ನೂ ಚಿಕ್ಕವಳಿದ್ದಾಗಲೇ ಶುರು ಮಾಡಿದ್ದ ಕ್ರಿಕೆಟ್ ಗೇಮುಗಳ ಸರಣಿ ಅದು. ಒಂದೆರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತಿತ್ತು. ಆಮೇಲೆ ಬರುವುದು ನಿಂತೇ ಹೋಯಿತು. ಯಾಕೆ ಅಂತ ನಮಗ್ಯಾರೂ ಹೇಳಲಿಲ್ಲ. ನಿಜವಾದ ಕ್ರಿಕೆಟ್ಟಿನಲ್ಲಿ ನಿವೃತ್ತರಾಗಿ ಟೀವಿಯಲ್ಲಿ ಕೂತು ಮಾತಾಡುತ್ತಿದ್ದವರು ನಮ್ಮ ಕೊನೆಯ ಆವೃತ್ತಿಯಲ್ಲಿ ಇನ್ನೂ ಓಪನಿಂಗ್ ಆಡುತ್ತಿದ್ದರು.

ಬಿಟ್ಟುಬಿಡಬೇಕಾಗಿತ್ತು. ನಾವು ಬಿಡಲಿಲ್ಲ. ದೇಶದ ಮೂಲೆಮೂಲೆಯಲ್ಲಿ ನನ್ನಂಥ ತಲೆಕೆಟ್ಟವರು ಆ ಕೊನೆಯ ಆವೃತ್ತಿಗೇ ವರ್ಷವರ್ಷ ತೇಪೆ ಹಾಕಿ ಅದನ್ನು ಬದುಕಿಸಿಕೊಂಡೆವು. ಬೇಸಿಗೆಯ ಇಪ್ಪತ್ತು ಓವರುಗಳ ಟೂರ್ನಿ ಹತ್ತಿರ ಬರುತ್ತಿದ್ದಂತೆ ಹೊಸ ಜೆರ್ಸಿ, ಹೊಸ ಮುಖ, ಹೊಸ ಆಟಗಾರರನ್ನು ನಾವೇ ಮಾಡಿ ಇಂಟರ್ನೆಟ್ಟಿನಲ್ಲಿ ನಾವೆಲ್ಲ ಸೇರುತ್ತಿದ್ದ ಫೋರಮ್ಮಿಗೆ ಹಾಕುತ್ತಿದ್ದೆವು. ಅದನ್ನು ಪ್ಯಾಚ್ ಎನ್ನುತ್ತಿದ್ದೆವು. ಯಾರು ಬೇಕಾದರೂ ಇಳಿಸಿಕೊಂಡು ಆಡಬಹುದಿತ್ತು. ಮುಖಗಳ ಕೆಲಸ ನನ್ನದು. ಫೋರಮ್ಮಿನಲ್ಲಿ ಎಲ್ಲರೂ ನನ್ನನ್ನು "ಬ್ರೋ" ಅನ್ನುತ್ತಿದ್ದರು. ನಾನೂ ತಿದ್ದಲಿಲ್ಲ. ಹುಡುಗಿ ಅಂತ ಗೊತ್ತಾದರೆ ಕೆಲಸ ಬಿಟ್ಟು ನನ್ನ ಫೋಟೊ ಕೇಳುತ್ತಿದ್ದರು, ಅಷ್ಟೆ.

ಅಲ್ಲಿ ನನಗೆ ಇನ್ನೊಂದು ಮರ್ಯಾದೆಯೂ ಇತ್ತು. ಸರಣಿಯ ಹಳೆಯ ಆವೃತ್ತಿಗಳೆಲ್ಲ ನನ್ನ ಬಳಿ ಇದ್ದವು. ಆರ್.ಟಿ. ನಗರದಲ್ಲಿ ಒಂದು ಸಿಡಿ ಅಂಗಡಿ. ಅಲ್ಲಿನ ಭಾಯಿ ಗೋಣಿಚೀಲ ಸುರಿದು ಹುಡುಕಿಕೊಡುತ್ತಿದ್ದರು. "ಎಲ್ಲಾರೂ ಹೊಸಾದು ಬಂತಾ ಅಂತಾರೆ, ನೀನೊಬ್ಳು ಹಳೇದು ಹಳೇದು ಅಂತೀಯಲ್ಲಮ್ಮ. ಮ್ಯೂಸಿಯಂ ಇಡ್ತೀಯಾ?" ಎಂದು ನಗುತ್ತಿದ್ದರು. ಇಡುತ್ತೇನೆ, ನಿಮಗೇನು ಎನ್ನುತ್ತಿದ್ದೆ.

ಆ ಮೊದಲ ಆವೃತ್ತಿಗಳನ್ನು ನೋಡಿದರೆ ನಗು ಬರುತ್ತಿತ್ತು, ಆಮೇಲೆ ಯಾಕೋ ಪಾಪ ಅನ್ನಿಸುತ್ತಿತ್ತು. ಪ್ರೇಕ್ಷಕರು ಗೋಡೆಗೆ ಅಂಟಿಸಿದ ಬಣ್ಣದ ಕಾಗದ. ಕಾಮೆಂಟರಿ ಹೇಳುವವನಿಗೆ ನಾಲ್ಕಾರು ಮಾತಷ್ಟೇ ಗೊತ್ತು, ಕ್ಯಾಚ್ ಬಿಟ್ಟರೂ ಭೇಷ್ ಎನ್ನುತ್ತಿದ್ದ. ವೇಗದ ಬೌಲರುಗಳಿಗೆಲ್ಲ ಒಂದೇ ಮೈ. ಯಾವ ದೇಶದವನಾದರೂ ಸರಿ, ಅದೇ ಓಟ, ಅದೇ ಕೈ. ಅಂಗಿಯ ಬಣ್ಣ ಮಾತ್ರ ಬೇರೆ. ಮುಂದಿನದರಲ್ಲಿ ಮುಖಗಳು ಬಂದವು. ಅದರ ಮುಂದಿನದರಲ್ಲಿ ಓಟ ಕೆಲವು ಬಗೆಯಾಯಿತು. ಒಬ್ಬೊಬ್ಬ ಬೌಲರಿಗೆ ಅವನದೇ ಕೈ ಅಂತ ಕೊಡಲು ಸಾಧ್ಯವಾದದ್ದು ಕೊನೆಯದರಲ್ಲಿ, ಅದೂ ನಾವು ಒಳಗಿನ ಫೈಲುಗಳನ್ನು ಬಿಚ್ಚಿ ಕೈಹಾಕಿದ ಮೇಲೆ. ಈ ಕಥೆಯನ್ನೆಲ್ಲ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದು ಫೋರಮ್ಮಿಗೆ ಹಾಕಿದ್ದೆ. ಅದರ ಕೆಳಗೆ ಜನ ತಿಂಗಳುಗಟ್ಟಲೆ ಜಗಳವಾಡಿದರು. ನನಗೆ ಪರಮಾನಂದ.

ಅಣ್ಣ ವೇಗದ ಬೌಲರ್. ಅವನು ಕಲಿತದ್ದು ಕೆರೆಯಂಗಳದಲ್ಲಿ, ಟೆನಿಸ್ ಬಾಲಿನಲ್ಲಿ. ಭಾನುವಾರದ ಟೂರ್ನಮೆಂಟುಗಳಿಗೆ ಅವನನ್ನು ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಯಲಹಂಕದಿಂದ ಹೆಬ್ಬಾಳದವರೆಗೆ, "ಕೋಗಿಲಿನವನು ಬಂದ ಕಣ್ರೋ" ಅಂದರೆ ಬ್ಯಾಟ್ಸ್‌ಮನ್ನುಗಳ ಮುಖ ಇಳಿಯುತ್ತಿತ್ತು. ಯಾರೋ ನೋಡಿ ಲೀಗ್ ಆಡುವ ಒಂದು ಕ್ಲಬ್ಬಿಗೆ ಸೇರಿಸಿದರು. ಅಲ್ಲಿಯೂ ವಿಕೆಟ್ ಕಿತ್ತ. ಕೊನೆಗೆ ರಾಜ್ಯ ತಂಡದ ಆಯ್ಕೆಯ ಟ್ರಯಲ್ಸಿಗೆ ಕರೆ ಬಂತು. ಅಪ್ಪ ಮಾತು ಕಡಿಮೆಯ ಮನುಷ್ಯ. ಅವತ್ತು ಬೀದಿಯವರಿಗೆಲ್ಲ ತಾನೇ ಹೋಗಿ ಹೇಳಿ ಬಂದ. ಅಣ್ಣನಿಗೆ ಓದು ತಲೆಗೆ ಹತ್ತಿರಲಿಲ್ಲ, ಬೇರೆ ಕೆಲಸ ಗೊತ್ತಿರಲಿಲ್ಲ. ಇದೊಂದೇ ಇದ್ದದ್ದು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ಆ ಖುಷಿಗೆ ನಾನು ಅವನನ್ನು ಆಟದೊಳಗೆ ಹಾಕಿದೆ. ಪಾಸ್‌ಪೋರ್ಟ್ ಫೋಟೊ ತೆಗೆದುಕೊಂಡು ಮುಖ ಮಾಡಿ, ರಾಜ್ಯ ತಂಡದ ಅಂಗಿ ತೊಡಿಸಿ, ವೇಗಕ್ಕೆ ಸಿಗುವ ಗರಿಷ್ಠ ಅಂಕವನ್ನೇ ಕೊಟ್ಟು ಆ ವರ್ಷದ ಪ್ಯಾಚಿನಲ್ಲಿ ಬಿಟ್ಟೆ. ತೋರಿಸಿದಾಗ ಅವನು ಕುಣಿದಾಡಿದ. "ಏಯ್, ನನ್ ಮೂಗು ಇಷ್ಟು ದಪ್ಪ ಇದ್ಯೇನೇ?" "ಇದಕ್ಕಿಂತ ದಪ್ಪ ಇದೆ, ಕಡಿಮೆ ಮಾಡಿದೀನಿ ಕಣೋ." ಅಮ್ಮನಿಗೆ ಮಾತ್ರ ಭಯವಾಯಿತು. "ಊರೋರ ಕಣ್ಣೆಲ್ಲ ಇವನ ಮ್ಯಾಲೆ ಬೀಳೋ ಅಂಗೆ ಮಾಡ್ದಲ್ಲೇ" ಎಂದು ಉಪ್ಪು ಮೆಣಸಿನಕಾಯಿ ತಂದು ಅವನಿಗೆ ದೃಷ್ಟಿ ತೆಗೆದಳು. ಸಾಲದ್ದಕ್ಕೆ ಮಾನಿಟರಿಗೂ ತೆಗೆದಳು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಫೋರಮ್ಮಿನಲ್ಲಿ ಯಾರಿವನು, ಹೆಸರೇ ಕೇಳಿಲ್ಲ, ಆದರೆ ಏನು ವೇಗ ಗುರು ಎಂದು ಎಲ್ಲರೂ ಕೇಳತೊಡಗಿದರು. ಇವನಿಗೆ ಇವನದೇ ಬೌಲಿಂಗ್ ಆಕ್ಷನ್ ಮಾಡಿಕೊಡಿ ಬ್ರೋ ಎಂದು ಗಂಟುಬಿದ್ದರು. ನನಗೂ ಹುರುಪು. ಕ್ಲಾಸ್‌ಮೇಟ್ ಒಬ್ಬಳ ಕ್ಯಾಮೆರಾ ಇಸಿದುಕೊಂಡು, ಅವನ ನೆಟ್ ಪ್ರಾಕ್ಟೀಸಿಗೆ ಹೋಗಿ, ಪಕ್ಕದಿಂದ, ಹಿಂದಿನಿಂದ ವೀಡಿಯೊ ಮಾಡಿಕೊಂಡು ಬಂದೆ. ಈ ಕೆಲಸ ಹೀಗೆ: ವೀಡಿಯೊವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಬೇಕು. ಪ್ರತಿ ಚಿತ್ರದಲ್ಲಿ ಭುಜ ಎಲ್ಲಿದೆ, ಮೊಣಕೈ ಎಲ್ಲಿದೆ, ಮಣಿಕಟ್ಟು ಎಲ್ಲಿದೆ ಅಂತ ನೋಡಿ, ಆಟದೊಳಗಿನ ಬೊಂಬೆಯ ಕೈಯನ್ನೂ ಅಲ್ಲಿಗೇ ಎಳೆದು ಕೂರಿಸಬೇಕು.

ಹಾಗೆ ಕೂರಿಸುತ್ತಿರುವಾಗ ಕಂಡಿತು. ಕೈ ಮೇಲೆ ಬರುವಾಗ ಮೊಣಕೈ ಮಡಚಿತ್ತು. ಚೆಂಡು ಬಿಡುವ ಹೊತ್ತಿಗೆ ನೆಟ್ಟಗಾಗಿತ್ತು. ಕಲ್ಲೆಸೆಯುವಾಗ ಆಗುತ್ತದಲ್ಲ, ಹಾಗೆ. ಕ್ಯಾಮೆರಾ ಕೋನದ ತಪ್ಪಿರಬೇಕು ಅಂದುಕೊಂಡೆ. ಇನ್ನೊಂದು ಚೆಂಡು ನೋಡಿದೆ, ಇನ್ನೊಂದು. ನಾನು ಮೊದಲು ಮಾಡಿದ್ದ ಬೇರೆ ಬೌಲರುಗಳ ವೀಡಿಯೊ ತೆಗೆದು ಪಕ್ಕಪಕ್ಕ ಇಟ್ಟೆ. ಅವರ್ಯಾರ ಕೈಯೂ ಹೀಗಿರಲಿಲ್ಲ. ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಮೊಣಕೈ ಯಾರು ನೋಡುತ್ತಾರೆ? ಜೋರಾಗಿ ಬಂದರೆ ಸಾಕು, ಶಿಳ್ಳೆ. ಆದರೆ ಟ್ರಯಲ್ಸಿನಲ್ಲಿ ನೋಡುತ್ತಾರೆ. ಮಡಚಿದ ಕೈಯನ್ನು ನೆಟ್ಟಗೆ ಮಾಡುತ್ತ ಬಿಟ್ಟರೆ ಅದು ಬೌಲಿಂಗ್ ಅಲ್ಲ, ಕಲ್ಲೆಸೆದಂತೆ; ಅಂಪೈರ್ ಕೈ ಚಾಚಿ ನೋಬಾಲ್ ಎನ್ನುತ್ತಾನೆ. ಚಕ್ ಮಾಡುತ್ತಾನೆ ಅಂತ ಒಮ್ಮೆ ಹೆಸರು ಬಿದ್ದರೆ ಮುಗಿಯಿತು.

ಹೇಳದೆ ಇರುವುದು ಹೇಗೆ? ಮಾರನೆಯ ದಿನ ಅವನು ಶೂ ಬಿಚ್ಚುತ್ತಿರುವಾಗಲೇ ಕರೆದು ಕೂರಿಸಿ ತೋರಿಸಿದೆ. ಅವನು ನೋಡಿದ. ಕಿವಿ ಕೆಂಪಾಯಿತು.

"ಏನಿದು?"

"ಅಣ್ಣ, ಮೊಣಕೈ ನೋಡು. ಮಡಚ್ತಿದೀಯ."

"ಯಾವನ್ ಹೇಳ್ದ ನಿಂಗೆ?"

"ಯಾರೂ ಹೇಳ್ಲಿಲ್ಲ, ಕಾಣ್ತಾ ಇದ್ಯಲ್ಲ. ಟ್ರಯಲ್ಸ್‌ಗೆ ಮುಂಚೆ ಸರಿ ಮಾಡ್ಕೋಬಹುದು, ನಿಮ್ ಕೋಚ್‌ನ ಕೇಳು..."

"ಕುರ್ಚಿ ಮೇಲ್ ಕೂತ್ಕೊಂಡು ನಂಗೆ ಬೌಲಿಂಗ್ ಹೇಳ್ಕೊಡ್ತೀಯಾ? ಒಂದ್ ದಿನ ಬಿಸಿಲಲ್ಲಿ ಓಡಿದೀಯಾ ನೀನು? ಬೊಂಬೆ ಆಡ್ಸೋಳು!"

ಬೊಂಬೆ ಆಡಿಸುವವಳು ಅಂದದ್ದಕ್ಕೆ ನನಗೂ ತಡೆಯಲಿಲ್ಲ. "ಹೋಗು, ಟ್ರಯಲ್ಸಲ್ಲೇ ಹೋಗಿ ಅನ್ನಿಸ್ಕೊಂಡ್ ಬಾ" ಎಂದು ಕೂಗಿದೆ. ಅವನು ಅಮ್ಮ ಇಟ್ಟ ತಟ್ಟೆ ಮುಟ್ಟದೆ ಎದ್ದು ಹೋದ.

ಆದರೆ ಮಾತು ಒಳಗೆ ಹೋಗಿತ್ತು. ಕ್ಲಬ್ಬಿನ ಕೋಚನ್ನು ಕೇಳಿದನಂತೆ. ಆತ, "ಮಗಾ, ವಿಕೆಟ್ ಬೀಳ್ತಾ ಇದ್ಯಲ್ಲ, ಸುಮ್ನೆ ಹಾಕು" ಎಂದು ಬೆನ್ನು ತಟ್ಟಿ ಕಳಿಸಿದನಂತೆ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಲೀಗಿನ ವಿಕೆಟ್ಟು. ಅಣ್ಣ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಒಬ್ಬನೇ ಕೈ ನೆಟ್ಟಗಿಟ್ಟು ಹಾಕಿ ನೋಡುತ್ತಿದ್ದ. ಕಿಟಕಿಯಿಂದ ಕಾಣುತ್ತಿತ್ತು. ಕೈ ನೆಟ್ಟಗಾದರೆ ಚೆಂಡು ಯಾರು ಬೇಕಾದರೂ ಹಾಕುವ ಚೆಂಡಾಗಿ ಹೋಗುತ್ತಿತ್ತು. ವೇಗವೆಲ್ಲ ಆ ಮಡಿಕೆಯಲ್ಲೇ ಇತ್ತು. ಅದು ಅವನಿಗೂ ಕಂಡಿತು, ನನಗೂ ಕಂಡಿತು.

ಟ್ರಯಲ್ಸ್ ಬಂತು. ಅಪ್ಪ ಜೊತೆಗೆ ಹೋಗಿದ್ದ. ನಡೆದದ್ದನ್ನು ಆಮೇಲೆ ಹೇಳಿದವನೂ ಅವನೇ. ಅಣ್ಣ ಮೊದಲು ಕೈ ನೆಟ್ಟಗಿಟ್ಟು ಹಾಕಿದ. ಚೆಂಡು ಎಲ್ಲೆಲ್ಲೋ ಹೋಯಿತು. ಬ್ಯಾಟ್ ಮಾಡುತ್ತಿದ್ದ ಹುಡುಗ ನಕ್ಕ. ಆಗ ಅಣ್ಣನಿಗೆ ರೇಗಿರಬೇಕು. ಕೆರೆಯಂಗಳದಲ್ಲಿ ಹಾಕುತ್ತಿದ್ದ ಹಾಗೆ ಓಡಿ ಬಂದು ಹಾಕಿದ. ಸ್ಟಂಪು ಹಾರಿತು. ಇನ್ನೊಂದೂ ಹಾರಿತು. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದನಂತೆ. ಅಷ್ಟರಲ್ಲಿ ಕ್ಯಾಮೆರಾ ಹಿಡಿದಿದ್ದ ಒಬ್ಬರು ಅಣ್ಣನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು. ಆಯ್ಕೆಯಾದ ಎಂದುಕೊಂಡೇ ಅಪ್ಪ ನಿಂತಿದ್ದ. "ಅವರು ಬಾಳ ಮರ್ಯಾದೆಯಿಂದ ಏಳುದ್ರು ಕಣಮ್ಮ, ಕೈ ಸರಿ ಇಲ್ಲ ಅಂತ. ಕೈಗೇನಾಗದೆ? ಚೆನ್ನಾಗೇ ಅದಲ್ಲ?" ಎಂದು ನನ್ನನ್ನು ಕೇಳಿದ.

ಅಣ್ಣ ನನಗೆ ಹೇಳಿದ್ದು ಒಂದೇ ಮಾತು. "ನೀನು ತೋರಿಸ್ದೇ ಇದ್ದಿದ್ರೆ ಮೊದಲ್ನೇ ಬಾಲ್‌ನಿಂದ ನನ್ ಥರಾನೇ ಹಾಕ್ತಿದ್ದೆ." ಹಾಕಿದ್ದರೂ ಅದೇ ಆಗುತ್ತಿತ್ತು ಎಂದು ನನಗೆ ಗೊತ್ತು, ಅವನಿಗೂ ಗೊತ್ತು. ಅವನು ಮತ್ತೆ ಚೆಂಡು ಮುಟ್ಟಲಿಲ್ಲ. ಭಾನುವಾರ ಬೈಕಿನಲ್ಲಿ ಬಂದವರನ್ನು ಅಮ್ಮನೇ ಬಾಗಿಲಲ್ಲಿ ನಿಂತು ಕಳಿಸಿದಳು. ಏರ್‌ಪೋರ್ಟಿನ ಕಾರ್ಗೋ ಶೆಡ್ಡಿಗೆ ಕೆಲಸಕ್ಕೆ ಸೇರಿದ. ಮನೆಯ ಟೀವಿಯಲ್ಲಿ ಕ್ರಿಕೆಟ್ ಹಾಕಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಇತ್ತ ಫೋರಮ್ಮಿನವರು ಬಿಡಲಿಲ್ಲ, ಆಕ್ಷನ್ ಎಲ್ಲಿ ಬ್ರೋ, ಎಲ್ಲಿ ಬ್ರೋ. ಬೊಂಬೆಯ ಕೈಯನ್ನು ನೆಟ್ಟಗೆ ಮಾಡಿ ನೋಡಿದೆ. ಅಂದವಾಗಿತ್ತು, ತಪ್ಪಿಲ್ಲದ ಕೈ. ಆದರೆ ಅದು ಯಾರೋ. ನಮ್ಮ ಮನೆಯ ಹುಡುಗ ಅಲ್ಲವೇ ಅಲ್ಲ. ಸಿಟ್ಟಿಗೋ ಅಳುವಿಗೋ, ಮೊಣಕೈಯನ್ನು ಮತ್ತೆ ಇದ್ದ ಹಾಗೇ ಮಡಚಿ, ಪ್ಯಾಚಿಗೆ ಸೇರಿಸಿ ಬಿಟ್ಟುಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಡಿಪ್ಲೊಮಾ ಮುಗಿಯಿತು, ಕೆಲಸ ಸಿಕ್ಕಿತು, ಮದುವೆಯಾಗಿ ಸಹಕಾರನಗರಕ್ಕೆ ಬಂದೆ. ಫೋರಮ್ಮಿನ ಕಡೆ ಹೋಗುವುದೂ ನಿಂತಿತು.

2018ರ ಒಂದು ಭಾನುವಾರ ಮಧ್ಯಾಹ್ನ ಅಣ್ಣ ನಮ್ಮ ಮನೆಗೆ ಬಂದ. ಹೇಳದೆ ಕೇಳದೆ ಬರುವವನಲ್ಲ. ಕೂತ, ನೀರು ಕುಡಿದ.

"ಶೆಡ್ಡಲ್ಲಿ ಒಬ್ಬ ಹುಬ್ಳಿ ಕಡೆಯವನು ಇದಾನೆ. ಲ್ಯಾಪ್‌ಟಾಪಲ್ಲಿ ಕ್ರಿಕೆಟ್ ಆಡ್ತಿದ್ದ. ಇವನು ನೀನೇ ಅಲ್ವಾ ಅಂತ ತೋರಿಸ್ದ."

"ಅಣ್ಣ, ಅದು ಎಷ್ಟೋ ಕಡೆ ಹೋಗ್ಬಿಟ್ಟಿದೆ, ಈಗ ತೆಗಿಯಕ್ಕೆ ನನ್ ಕೈಲಿ..."

"ನಿನ್ ಹತ್ರ ಇದ್ಯಾ?"

ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ಹಾಕಿದೆ. ನಾನು ಬ್ಯಾಟಿಂಗ್ ತೆಗೆದುಕೊಂಡು ಬೌಲಿಂಗಿಗೆ ಅವನನ್ನು ಆರಿಸಿದೆ. ಪರದೆಯ ಮೇಲೆ ಇಪ್ಪತ್ತೊಂದರ ಅಣ್ಣ ಓಡಿ ಬಂದ. ಪಕ್ಕದಲ್ಲಿ ಕೂತ ಅಣ್ಣನ ತಲೆ ಆಗಲೇ ನರೆಯುತ್ತಿತ್ತು. ಕೈ ಮೇಲೆ ಹೋಯಿತು, ಮೊಣಕೈ ಮಡಚಿತು, ಚೆಂಡು ಬಂತು, ನಾನು ಬೌಲ್ಡ್. ಅವನು ಚೆಂಡನ್ನು ನೋಡಲಿಲ್ಲ. ಲೆಗ್ ಕಡೆ ನಿಂತ ಅಂಪೈರನ್ನು ನೋಡುತ್ತಿದ್ದ.

"ಅವನ್ಯಾಕೆ ಕೈ ಚಾಚಲ್ಲ?"

"ಆ ರೂಲೇ ಇಲ್ಲ ಅಣ್ಣ ಈ ಆಟದಲ್ಲಿ. ಮೊದಲ್ನೇದ್ರಿಂದ ಕೊನೇದರವರೆಗೆ ಎಲ್ಲಾ ನೋಡಿದೀನಿ. ಯಾವುದ್ರಲ್ಲೂ ಹಾಕಿಲ್ಲ."

ಓವರ್ ಮುಗಿಯುವವರೆಗೂ ಅವನು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಬೈಯುತ್ತಾನೆ, ಎದ್ದು ಹೋಗುತ್ತಾನೆ ಎಂದು ಕಾಯುತ್ತಿದ್ದೆ. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

"ಇನ್ನೊಂದ್ ಓವರ್ ಹಾಕ್ಸು," ಎಂದ.