ಬರಿಗಾಲಿಗೆ ಸಿಕ್ಕ ನೋಟಿಸು

ಬೆಳಿಗ್ಗೆ ಐದು ಗಂಟೆ. ಕಾಲೇಜಿನ ಜಿಮ್ಮಿನ ಬಾಗಿಲಲ್ಲಿ ಜವರಮ್ಮ ನಿಲ್ಲುತ್ತಾರೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡುತ್ತಾರೆ. ಬರೆಯಲು ಬಂದ ನನ್ನ ಹೊರತು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬೂಟು ಬಿಚ್ಚಿ, ಕಾಲುಚೀಲವನ್ನು ಅದರೊಳಗೆ ತುರುಕಿ, ಬಾಸ್ಕೆಟ್‌ಬಾಲ್ ಅಂಕಣದ ಮರದ ನೆಲಕ್ಕೆ ಬರಿಗಾಲಿಡುತ್ತಾರೆ. ಬುಟ್ಟಿಯ ಕೆಳಗೆ ಬಂದಾಗ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಎರಡು ಸಲ ಉಜ್ಜಿ ನೋಡುತ್ತಾರೆ. ಐವತ್ತೇಳು ವರ್ಷದ ಹೆಂಗಸು ಹೀಗೆ ಕದ್ದುಮುಚ್ಚಿ ಮಾಡುತ್ತಿರುವ ಈ ಕೆಲಸವೇ ಕಳೆದ ಸೀಸನ್‌ನಲ್ಲಿ ಸೋತು ಸುಣ್ಣವಾಗಿದ್ದ ಒಂದು ತಂಡವನ್ನು ಎಬ್ಬಿಸಿ ನಿಲ್ಲಿಸಿತು. ಅದಕ್ಕೆ ಕಾಲೇಜು ಕೊಟ್ಟ ಬಹುಮಾನ ಒಂದು ಎಚ್ಚರಿಕೆ ನೋಟಿಸು.

"ಕಾಲೇಜಿನ ಹೆಸ್ರು ಹಾಕ್‌ಬ್ಯಾಡಿ ಕಣಪ್ಪ. ನಂದು ಬೇಕಾದ್ರೆ ಹಾಕಿ, ಕನ್ನಡದಲ್ಲಿ ಬರದ್ರೆ ಇಲ್ಲಿ ಯಾರು ಓದಾರು?" ಎಂದು ನಗುತ್ತಾರೆ. ಆದ್ದರಿಂದ ಇಷ್ಟೇ ಹೇಳಬಹುದು: ಅವರು ಇರುವ ಅಮೆರಿಕದ ಮಿಲ್ಪಿಟಾಸ್ ಊರಿನಿಂದ ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಕಾಲೇಜು ಅದು.

ಜವರಮ್ಮ ಮಂಡ್ಯದವರು. ಗಂಡ ತೀರಿಕೊಂಡ ಮೇಲೆ ಅಲ್ಲಿನ ಒಂದು ಮದುವೆ ಛತ್ರದಲ್ಲಿ ಇಪ್ಪತ್ತು ವರ್ಷ ನೆಲ ಒರೆಸಿದರು. ಇಲ್ಲಿ ನೆಲೆಸಿದ್ದ ತಮ್ಮ ಹನುಮಂತರಾಜು ಹಾಕಿದ್ದ ವೀಸಾ ಅರ್ಜಿ ಹದಿನಾಲ್ಕು ವರ್ಷಕ್ಕೆ ಕೈಗೂಡಿ ಅಮೆರಿಕಕ್ಕೆ ಬಂದರು. ತಮ್ಮನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವ ಜಾಯಮಾನವಲ್ಲ, ನಾಲ್ಕು ವರ್ಷದ ಹಿಂದೆ ಕಾಲೇಜಿನ ಜಿಮ್ಮು ಗುಡಿಸಿ ಒರೆಸುವ ಈ ಕೆಲಸ ಹಿಡಿದರು. ಮುಂಜಾನೆ ಮೂರೂಮುಕ್ಕಾಲಿಗೆ ಏಳುತ್ತಾರೆ. ಅಂಕಣದ ಉದ್ದ ತೊಂಬತ್ತನಾಲ್ಕು ಅಡಿ, ಅಗಲ ಐವತ್ತು. ಒಣ ಮಾಪಿನಲ್ಲಿ ಹತ್ತು ಪಟ್ಟೆ, ಹಿಂಡಿದ ಬಟ್ಟೆಯಲ್ಲಿ ಮತ್ತೆ ಹತ್ತು ಪಟ್ಟೆ. ಆಮೇಲೆ ಎರಡು ಡ್ರೆಸ್ಸಿಂಗ್ ರೂಮು, ಹನ್ನೊಂದು ಶೌಚಾಲಯ.

ಛತ್ರದ ನೆಲವೆಂದರೆ ತಮಾಷೆಯಲ್ಲ. ತುಪ್ಪ, ಪಾಯಸ, ಅರಿಶಿನದ ನೀರು, ಎಲ್ಲ ಬೀಳುವುದು ಅಲ್ಲೇ. ಎರಡನೇ ಪಂಕ್ತಿ ಎದ್ದು ಮೂರನೆಯದು ಕೂರುವಷ್ಟರಲ್ಲಿ ನೆಲದ ಜಿಡ್ಡು ಹೋಗಿರಬೇಕು. "ಕಣ್ಣಿಗೆ ಜಿಡ್ಡು ಕಾಣಾಕಿಲ್ಲ. ಹೊಳೀತಾ ಇರೋ ನೆಲಾನೇ ಮೊದ್ಲು ಬೀಳ್ಸಾದು. ನೆಲದ ಸಮಾಚಾರ ಕಾಲ್ಗೇ ಗೊತ್ತಾಗ್ಬೇಕು," ಎನ್ನುತ್ತಾರೆ ಜವರಮ್ಮ.

ಅವರಿಂದ ತಪ್ಪೇ ಆಗಿಲ್ಲವೆಂದಲ್ಲ. ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ಛತ್ರದ ರೂಢಿಯಂತೆ ಒಂದು ಬಕೆಟ್ ನೀರನ್ನು ದಬದಬ ಸುರಿದುಬಿಟ್ಟರು. ಮರದ ನೆಲ ನೀರು ಕುಡಿಯುತ್ತದೆಂದು ಅವರಿಗೇನು ಗೊತ್ತು? ಎರಡು ಹಲಗೆ ಉಬ್ಬಿದವು. ಬೈಸಿಕೊಂಡರು, ಕಲಿತುಕೊಂಡರು. ಆದರೆ ಸೂಪರ್‌ವೈಸರ್ ಆ ಬಕೆಟ್ಟನ್ನು ಮರೆಯಲಿಲ್ಲ.

ಕಳೆದ ವರ್ಷ ಅಕ್ಟೋಬರಿನಲ್ಲಿ ದಾನಿಗಳು ಫೋಟೊಗೆ ಬರುತ್ತಾರೆಂದು ಮೇಲಿನವರು ಹೊಸ ಪಾಲಿಶ್ ತರಿಸಿ ಅಂಕಣಕ್ಕೆ ಹಚ್ಚಿಸಿದರು. ನೆಲ ಕನ್ನಡಿಯ ಹಾಗೆ ಹೊಳೆಯಿತು. ನವೆಂಬರಿನಲ್ಲಿ ಹುಡುಗಿಯರ ತಂಡದ ಸೀಸನ್ ಶುರುವಾಯಿತು. ಮೊದಲ ಹತ್ತು ಪಂದ್ಯದಲ್ಲಿ ಒಂಬತ್ತು ಸೋಲು! ಹುಡುಗಿಯರಿಗೆ ಶಿಸ್ತಿಲ್ಲ ಎಂದರು ಕೋಚ್, ದಮ್ಮಿಲ್ಲ ಎಂದರು. ತರಬೇತಿಯ ಹೊತ್ತು ಹೆಚ್ಚಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ ಅಲ್ಲವೇ? ದಿನಾ ಜಾರುವ ನೆಲದ ಮೇಲೆ ಅಭ್ಯಾಸ ಮಾಡಿದ ಮಕ್ಕಳು ಪುಟ್ಟಪುಟ್ಟ ಹೆಜ್ಜೆ ಇಡುವುದನ್ನು ಕಲಿತವು. ಬೇರೆ ಕಾಲೇಜಿನ ಒಳ್ಳೆಯ ನೆಲದಲ್ಲೂ ಹಾಗೇ ಅಂಜಿ ಅಂಜಿ ಆಡಿ ಸೋತವು.

ಜವರಮ್ಮ ಮೂರು ಸಲ ಸೂಪರ್‌ವೈಸರ್ ಮುಂದೆ ನಿಂತರು. ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ "ಫ್ಲೋರ್ ನೋ ಗುಡ್, ಸಾರ್" ಎಂದರು. ಮೂರು ಸಲವೂ ಬಂದದ್ದು ಒಂದೇ ಉತ್ತರ: ಬಕೆಟ್ ನೀರು ಸುರಿದವಳು ನನಗೆ ನೆಲದ ಪಾಠ ಹೇಳಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವೆಲ್ಲ ಗಾದೆ ಹೇಳಿಕೊಂಡು ನಗುತ್ತೇವೆ. ನೆಲವೇ ಡೊಂಕಾಗಿದ್ದರೆ ಯಾರಿಗೆ ಹೇಳುವುದು, ಸ್ವಾಮಿ?

ಡಿಸೆಂಬರಿನ ಒಂದು ಬೆಳಗಿನ ಅಭ್ಯಾಸದಲ್ಲಿ ಲಾಸ್ಯಾ ಬಿದ್ದಳು. ಮಿಲ್ಪಿಟಾಸ್‌ನಲ್ಲೇ ಹುಟ್ಟಿದ, ಹಾಸನದ ಕಡೆಯವರ ಮಗಳು ಅವಳು. ತಂಡವನ್ನು ನಡೆಸುವ ಆಟಗಾರ್ತಿ. ಪಾದದ ಗಂಟು ಉಳುಕಿತ್ತು. "ಸಾರಿ, ಸಾರಿ" ಎಂದು ಅಳುತ್ತಿದ್ದವಳ ಬಳಿಗೆ ಜವರಮ್ಮ ಮಾಪು ಬಿಸಾಡಿ ಓಡಿದರು. "ಅಯ್ಯೋ ನನ್ನವ್ವ, ಯಾಕವ್ವ ಸಾರಿ? ನಿಂದೇನೂ ತಪ್ಪಿಲ್ಲ. ನೆಲಕ್ಕೆ ಜಿಡ್ಡು ಹತ್ಕೊಂಡೈತೆ. ನಿಮ್ ಮೇಡಮ್ಮಿಗೆ ಬೂಟು ಬಿಚ್ಚಿ ನಡಿಯಾಕೆ ಹೇಳು."

ಲಾಸ್ಯಾಗೆ ಕನ್ನಡ ಮಾತಾಡಲು ಬಾಯಿ ತಿರುಗದಿದ್ದರೂ ಅರ್ಥವೆಲ್ಲ ಆಗುತ್ತದೆ. "ಕೋಚ್, ಶೀ ಸೇಸ್ ಇಟ್ಸ್ ದ ಫ್ಲೋರ್. ಟೇಕ್ ಯುವರ್ ಶೂಸ್ ಆಫ್," ಎಂದಳು. ಕೋಚ್ ಡೆನೀಸ್ ಬೂಟು ಬಿಚ್ಚಿದರು. ನಾಲ್ಕು ಹೆಜ್ಜೆ ನಡೆದರು, ಐದನೆಯದಕ್ಕೆ ಕಾಲು ಸರ್ರನೆ ಜಾರಿತು. ಆ ಹೆಂಗಸು ಕೆಂಪಗಾಗಿ ಹೋದರಂತೆ, ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಒಂದೂವರೆ ತಿಂಗಳು ಹುಡುಗಿಯರನ್ನು ಬೈದದ್ದು ಅವರೇ ತಾನೆ.

ಕ್ರಿಸ್ಮಸ್ ರಜೆಯಲ್ಲಿ ಕಾಲೇಜು ಖಾಲಿ. ಕೋಚ್ ಮತ್ತು ಜವರಮ್ಮ ಇಬ್ಬರೇ ನಾಲ್ಕು ದಿನ ಆ ನೆಲ ತಿಕ್ಕಿದರು. ಸೌಮ್ಯವಾದ ಸೋಪಿನ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ, ಆಮೇಲೆ ಬರೀ ನೀರಲ್ಲಿ ಹಿಂಡಿದ ಬಟ್ಟೆ, ಆಮೇಲೆ ಜವರಮ್ಮನ ಕಾಲು. ಕಾಲು ಒಪ್ಪದಿದ್ದರೆ ಆ ಪಟ್ಟೆ ಮತ್ತೆ ಮೊದಲಿಂದ. "ಕೋಚಮ್ಮ ಒಳ್ಳೆ ಗೇಯ್ಮೆಗಾರ್ತಿ ಕಣಪ್ಪ, ಮಂಡಿ ಊರಿ ಕೂತ್ಕಂಡು ತಿಕ್ಕಿದ್ಳು," ಎಂದು ಜವರಮ್ಮ ಮೆಚ್ಚುತ್ತಾರೆ. ನಾಲ್ಕನೆಯ ದಿನ ಸೂಪರ್‌ವೈಸರ್ ಇಣುಕಿದ. ನೆಲ ನೋಡಲಿಲ್ಲ, ಜವರಮ್ಮನ ಬರಿಗಾಲು ನೋಡಿದ. ಮರುದಿನವೇ ಕಾಗದ ಬಂತು: ಕೆಲಸದ ಜಾಗದಲ್ಲಿ ಪಾದರಕ್ಷೆಯಿಲ್ಲದೆ ಓಡಾಡುವುದು ಅಪಾಯಕಾರಿ ನಡವಳಿಕೆ, ಒಂದು ವರ್ಷದೊಳಗೆ ಇದು ಮರುಕಳಿಸಿದರೆ ಕೆಲಸದಿಂದ ತೆಗೆಯಲಾಗುವುದು. ಮಕ್ಕಳ ಕಾಲು ಮುರಿಯುವ ಪಾಲಿಶ್ ಹಚ್ಚಿಸಿದ್ದು ಅಪಾಯವಲ್ಲ, ಅದನ್ನು ಕಂಡುಹಿಡಿದ ಪಾದ ಅಪಾಯ! ಹಾಗೆ ಬರೆಯಲು ಆ ಕೈಗೆ ನಾಚಿಕೆಯಾದರೂ ಆಗಲಿಲ್ಲವೇ?

ಜನವರಿಯಿಂದ ಹುಡುಗಿಯರು ಓಡಿದರು. ಉಳಿದ ಹದಿನೆಂಟು ಪಂದ್ಯದಲ್ಲಿ ಹದಿನೈದು ಗೆಲುವು. ಲಾಸ್ಯಾ ಫೆಬ್ರವರಿಗೆ ವಾಪಸು ಬಂದು ಕೊನೆಯ ಆರು ಪಂದ್ಯ ಆಡಿದಳು. ವಸಂತದಲ್ಲಿ ಸನ್ಮಾನ ಸಮಾರಂಭ ನಡೆಯಿತು. ಈ ಗೆಲುವಿನ ಗುಟ್ಟೇನೆಂದು ಕಾಲೇಜಿನ ಮುಖ್ಯಸ್ಥರು ವೇದಿಕೆಯ ಮೇಲೆ ಹೇಳಿದರು: ದಾನಿಗಳು ಕೊಡಿಸಿದ ಹೊಸ ಬೂಟುಗಳು. ಬೂಟಂತೆ! ಕೋಚ್ ಡೆನೀಸ್ ಎದ್ದು ಜವರಮ್ಮನ ಹೆಸರು ಹೇಳಿದರು. ಸಭೆ ಒಂದಿಷ್ಟು ಚಪ್ಪಾಳೆ ತಟ್ಟಿ ಊಟಕ್ಕೆದ್ದಿತು. ನೋಟಿಸನ್ನು ಹಿಂತೆಗೆದುಕೊಳ್ಳಿ ಎಂದು ಕೋಚ್ ಬರೆದ ಎರಡು ಪತ್ರಕ್ಕೆ ಇವತ್ತಿನವರೆಗೂ ಉತ್ತರವಿಲ್ಲ. ಅವತ್ತು ಕುರ್ಚಿ ಹಾಕಿದ್ದು ಜವರಮ್ಮ. ಚೆಲ್ಲಿದ ಸೋಡಾ ಒರೆಸಿದ್ದೂ ಅವರೇ.

ಈಗ ಮತ್ತೆ ಅಕ್ಟೋಬರ್. ನೋಟಿಸಿನ ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿದೆ. ಮತ್ತೆ ದಾನಿಗಳು ಬರುವವರಿದ್ದಾರೆ, ಸ್ಟೋರ್ ರೂಮಿನಲ್ಲಿ ಅದೇ ಪಾಲಿಶ್‌ನ ಎರಡು ಡಬ್ಬ ಬಂದು ಕೂತಿವೆ. ಏನು ಬೇಕು ನಿಮಗೆ ಎಂದು ಕೇಳಿದರೆ ಜವರಮ್ಮ ಬಟ್ಟೆ ಹಿಂಡುತ್ತಾ ಹೇಳುತ್ತಾರೆ: "ಸನ್ಮಾನ ಗಿನ್ಮಾನ ಬ್ಯಾಡ. ಆ ಕಾಗ್ದ ಹರ್ದಾಕ್ಬುಟ್ರೆ ಸಾಕು. ಇಪ್ಪತ್ನಾಕು ವರ್ಸ ನೆಲ ಒರೆಸಿವ್ನಿ, ಕೆಟ್ಟ ಕೆಲಸದೋಳು ಅಂತ ಯಾರೂ ಬರ್ದಿರ್ನಿಲ್ಲ."

ಆರು ಗಂಟೆಗೆ ಹುಡುಗಿಯರು ಬರುತ್ತಾರೆ. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳುತ್ತದೆ. ಅದು ಸೂಪರ್‌ವೈಸರ್ ಕಾರೂ ಇರಬಹುದು. ಬೂಟು ಇನ್ನೂ ಬಾಗಿಲಲ್ಲೇ ಇದೆ, ಜವರಮ್ಮ ಅಂಕಣದ ನಡುವೆ ಇದ್ದಾರೆ, ಇನ್ನೂ ಮೂರು ಪಟ್ಟೆ ಬಾಕಿ. ಬೂಟು ಹಾಕಿಕೊಳ್ಳಿ ಎಂದರೆ ಬೇಡವೆಂದು ತಲೆಯಾಡಿಸಿ ಮುಂದಿನ ಪಟ್ಟೆಗೆ ಕಾಲಿಡುತ್ತಾರೆ.

"ನೋಡಿದ್ರೆ ನೋಡ್ಲಿ ಬುಡಿ. ನಾನು ಒರೆಸಿದ ನೆಲದ ಮ್ಯಾಲೆ ಒಬ್ಬ ಮದುವಣಗಿತ್ತೀನೂ ಬಿದ್ದಿಲ್ಲ. ಈ ಹೆಣ್ಮಕ್ಳೂ ಇನ್ಮ್ಯಾಲೆ ಬೀಳಾಕಿಲ್ಲ."