ಬೇಸಿಗೆಯ ಶಾವಿಗೆಗೆ ಮಳೆಗಾಲದ ಮುಂಗಡ

ಸುಂದರಾ ಅಕ್ಕಾರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಊರಲ್ಲಿ ಅಷ್ಟೊಂದು ವಸ್ತುಗಳಿರುವಾಗ ಅವರು ನಮ್ಮ ಮನೆಯ ಶಾವಿಗೆ ಯಂತ್ರವನ್ನೇ ಕಥೆಗೆ ಎಳೆದು ತರಬಾರದಿತ್ತು.

ಅವರು ಶೇಡಬಾಳದ ನಮ್ಮ ಸಾಲೆಗೆ ಬಂದ ಅತಿಥಿ ಶಿಕ್ಷಕಿ. ಶಿರಗುಪ್ಪಿಯಲ್ಲಿ ಬಾಡಿಗೆ ಖೋಲಿ, ಅಲ್ಲಿಂದ ದಿನಾ ಬಸ್ಸು. ಪಗಾರ ಬಂದಾಗ ಬಂತು. ಸೆರಗಿನ ತುಂಬ ಸೀಮೆಸುಣ್ಣದ ಪುಡಿ. ದನಿ ಯಾವಾಗಲೂ ಅರ್ಧ ಕೂತಿರುತ್ತಿತ್ತು. ಶನಿವಾರ ಮುಂಜಾನೆ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ವ್ಯಾಪಾರದ ಕಥೆ ಹೇಳುತ್ತಿದ್ದರು. ಐದು ಹೆಣ್ಣುಮಕ್ಕಳು ಗುಂಪು ಕಟ್ಟಿ ಸಾಲ ತೆಗೆಯುತ್ತಾರೆ, ವಾರವಾರ ಕಂತು ತುಂಬುತ್ತಾರೆ, ಒಬ್ಬಾಕೆ ಕೋಳಿ ಸಾಕಿ ಉದ್ಧಾರ ಆಗುತ್ತಾಳೆ. ತರಬೇತಿಯಲ್ಲಿ ಅವರಿಗೆ ಕೊಟ್ಟ ಕಥೆ ಅದು.

"ಅಕ್ಕಾರ, ನಮ್ಮ ಮನ್ಯಾಗ ಕೋಳಿ ನಡ್ಯಾಂಗಿಲ್ರಿ," ಎಂದನಂತೆ ವೃಷಭ ಎಂಬ ಹುಡುಗ. ಅರ್ಧ ಕ್ಲಾಸು ಜೈನರ ಮಕ್ಕಳು, ಎಲ್ಲರೂ ದನಿಗೂಡಿಸಿದರು. ಅಕ್ಕಾರು ಕರಿಫಳಿಯ ಮೇಲೆ ಬರೆದಿದ್ದ ಕೋಳಿಯನ್ನು ಒರೆಸಿ, ಅಲ್ಲಿ ಶಾವಿಗೆ ಯಂತ್ರ ಬರೆದರು.

"ಮಳಿ ಹಿಡದ್ರ ಶ್ಯಾವಿಗಿ ಒಣಗಂಗಿಲ್ಲಲ್ರಿ? ಆಗ ಕಂತು ಯಾರು ತುಂಬ್ತಾರ?" ಎಂದು ಮತ್ತೆ ವೃಷಭನೇ ಕೇಳಿದನಂತೆ.

"ಉಳದ ನಾಕು ಮಂದಿ ತುಂಬಬೇಕಪಾ."

ಸುಳ್ಳು ಹೇಳಲು ಬಾರದ ಹೆಂಗಸು. ಆದರೆ ಊರಲ್ಲಿ ಗುಂಪಿನ ಸಾಲದಿಂದ ತಂದ ಶಾವಿಗೆ ಯಂತ್ರ ಒಂದೇ ಇತ್ತು, ನನ್ನ ಹೆಂಡತಿ ಪೂನಮಳದು. ಮಳೆ ಹಿಡಿದು ಅದು ನಿಂತಿತ್ತು. ಆ ವಾರದ ಕಂತನ್ನು ಉಳಿದ ನಾಲ್ವರು ಗೊಣಗುತ್ತ ತುಂಬಿದ್ದರು. ಇಡೀ ಕ್ಲಾಸು ತಿರುಗಿ ನನ್ನ ಮಗಳು ಕಾಜಲಳನ್ನು ನೋಡಿತು.

"ಏ ಶ್ಯಾವಿಗೀ, ನಿಮ್ಮವ್ವನ ರೊಕ್ಕ ನಮ್ಮವ್ವ ತುಂಬ್ಯಾಳ ನೋಡ!" ಎಂದಳು ಒಬ್ಬಳು.

ಸೋಮವಾರ ಕಾಜಲ ಪುಸ್ತಕದ ಚೀಲವನ್ನು ಮಂಚದ ಕೆಳಗೆ ತಳ್ಳಿ, ಸಾಲೆ ಒಲ್ಲೆ ಎಂದು ಕೂತುಬಿಟ್ಟಳು. ನಾನು ಐದನೆಯ ಇಯತ್ತೆಗೇ ಸಾಲೆ ಬಿಟ್ಟವನು. ಹಾಗೆ ಒಳಗೆ ಹೋದ ಚೀಲ ತಾನಾಗಿ ಹೊರಗೆ ಬರುವುದಿಲ್ಲ ಎಂಬುದು ನನಗೆ ಗೊತ್ತು.

ಪಂಕ್ಚರ್ ಅಂಗಡಿಯನ್ನು ಹಾಗೇ ಬಿಟ್ಟು ಸಾಲೆಗೆ ಹೋದೆ. ಅಂಗಳದಲ್ಲಿ ನಿಂತೇ ಕೂಗಿದೆ: "ನಮ್ಮ ಮನಿ ಕಥೀನ ಬೇಕಾಗಿತ್ತೇನ್ರಿ? ನಿಮಗ ಪಗಾರ ಬಂದಿಲ್ಲಂತಲ್ಲ, ಅದನ್ನ ಹೇಳ್ರಿ ಹುಡುಗುರಿಗೆ!"

ಮಕ್ಕಳು ಕಿಟಕಿಗೆ ಮುಗಿಬಿದ್ದವು. ಅಕ್ಕಾರು ಬಾಗಿಲಿಗೆ ಬಂದರು. "ನಿಮ್ಮನಿ ಅಂತ ಗೊತ್ತಿರಲಿಲ್ರಿ ಮಾಳೇಶಣ್ಣಾ. ತಪ್ಪಾತು."

ಅಷ್ಟೇ. ನಾನು ತಿರುಗಿ ಅಂಗಡಿಗೆ ನಡೆದೆ.

ಅಂದು ಸಂಜೆ ಅವರು ಬಸ್ಸು ಬಿಟ್ಟು ನಮ್ಮ ಮನೆಗೆ ಬಂದರು. ಛತ್ರಿ ಹೊರಗಿಟ್ಟು, ಐದು ಕಿಲೋ ಶಾವಿಗೆಯ ದುಡ್ಡನ್ನು ಪೂನಮಳ ಕೈಯಲ್ಲಿಟ್ಟರು.

"ಈ ಮಳ್ಯಾಗ ಎಲ್ಲೀ ಶ್ಯಾವಿಗಿರಿ ಅಕ್ಕಾರ?"

"ಈಗ ಯಾರ ಕೇಳ್ಯಾರವಾ? ಬ್ಯಾಸಗಿಗೆ ಕೊಡು. ಕಂತು ಈಗ ತುಂಬು." ಆಮೇಲೆ ಬಾಗಿಲ ಹಿಂದಿದ್ದ ಕಾಜಲಳ ಕಡೆ ತಿರುಗಿದರು. "ಕಥಿ ಅರ್ಧಕ್ಕ ನಿಂತೈತಿ. ಶನಿವಾರ ಮುಂದಿಂದು ನೀನ ಹೇಳಬೇಕು."

"ನಾ ಒಲ್ಲೆ."

"ಹಂಗಾರ ನಾನ ಹೇಳ್ತೀನಿ, ಮತ್ತ ತಪ್ಪ ಹೇಳ್ತೀನಿ. ಮತ್ತ ನಿಮ್ಮಪ್ಪ ಬಂದು ಒದರ್ತಾನ."

ಹುಡುಗಿ ಕಿಸಕ್ಕನೆ ನಕ್ಕಳು. ನನಗೆ ನಗೆ ಬರಲಿಲ್ಲ.

ಶನಿವಾರ ಚೀಲ ಮಂಚದ ಕೆಳಗಿನಿಂದ ಹೊರಬಂತು. ಬ್ಯಾಸಗ್ಯಾಗ ತಿನ್ನೋರು ಮಳ್ಯಾಗ ಮುಂಗಡ ಕೊಟ್ರ ಕಂತು ನಿಲ್ಲಂಗಿಲ್ಲ ಅಂತ ಕಾಜಲ ಕ್ಲಾಸಿನಲ್ಲಿ ನಿಂತು ಹೇಳಿದಳಂತೆ. ಮರುವಾರ ವೃಷಭನ ತಾಯಿ ಮುಂಗಡ ಹಿಡಿದುಕೊಂಡು ಬಂದಳು, ಅವಳ ಹಿಂದೆ ಇನ್ನೊಬ್ಬಳು. ಮೂರನೆಯವರು ಬರಲಿಲ್ಲ. ಗುಂಪಿನವರ ರೊಕ್ಕ ಹಿಂತಿರುಗಿತು. ನಮ್ಮ ಬಡತನ ಇದ್ದಲ್ಲೇ ಇತ್ತು. ಆದರೂ ಆಮೇಲೆ ಮಗಳು ಸಾಲೆ ತಪ್ಪಿಸಲಿಲ್ಲ.

ಪರೀಕ್ಷೆ ಮುಗಿಯುತ್ತಲೇ ಅಕ್ಕಾರ ಕೆಲಸವೂ ಮುಗಿಯಿತು. ಅತಿಥಿಗಳ ಪಾಡೇ ಅಷ್ಟು. ಬಿಸಿಲು ಬಲಿತ ಮೇಲೆ ಅವರ ಶಾವಿಗೆ ಮಾಡಿ, ಡಬ್ಬಿ ತುಂಬಿ ಶಿರಗುಪ್ಪಿಗೆ ಒಯ್ದರೆ ಖೋಲಿಗೆ ಬೇರೆಯವರು ಬಂದಿದ್ದರು. ಫೋನ್ ಹಚ್ಚಿದೆ.

"ರಾಯಬಾಗ ಕಡೆ ಅದೀನ್ರಿ. ಇರ್ಲಿ, ನಾನ ಬಂದು ಒಯ್ತೀನಿ."

"ಊರ ಹೆಸರ ಹೇಳ್ರಿ, ನಾನ ತರ್ತೀನಿ!"

"ಈ ವರ್ಷ ಒಂದೂರು, ಮುಂದಿನ ವರ್ಷ ಇನ್ನೊಂದು. ಎಲ್ಲೆಲ್ಲಿ ಹುಡುಕ್ತೀರಿ ಮಾಳೇಶಣ್ಣಾ?"

ಕಾಜಲ ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಪ್ರತಿ ಬೇಸಿಗೆಗೆ ಆ ಡಬ್ಬಿಯ ಹಳೆಯ ಶಾವಿಗೆಯನ್ನು ನಾವೇ ತಿಂದು, ಹೊಸದನ್ನು ಅವಳೇ ತುಂಬಿಡುತ್ತಾಳೆ. ಒಯ್ಯಲು ಅಕ್ಕಾರು ಇನ್ನೂ ಬಂದಿಲ್ಲ.