ಇನ್ನೊಂದು ಲಾರಿ ಕೊಡಿ

ನಾನು ಓದಿದ್ದು ಏಳನೇ ತರಗತಿ. ನೆಲಮಂಗಲದ ಗೋದಾಮಿನಲ್ಲಿ ಮೂಟೆ ಹೊತ್ತು, ಮೇಸ್ತ್ರಿಯಾಗಿ, ಈಗ ಸೂಪರ್‌ವೈಸರ್ ಆಗಿದ್ದೇನೆ. ಇದನ್ನು ಕೇಳದವರಿಗೂ ಹೇಳುತ್ತೇನೆ. ಕೆಲಸದಲ್ಲಿರುವವರಿಗೆ ಆನ್‌ಲೈನ್ ಪದವಿ ಕೊಡುವ ಕಾಲೇಜೊಂದು, ಅನುಭವಸ್ಥರು ಬೇಕೆಂದು ಪ್ರತಿ ಭಾನುವಾರದ ಸರಕು ಸಾಗಣೆ ತರಗತಿಯನ್ನು ನನಗೆ ವಹಿಸಿದಾಗ ಹೊಸ ಅಂಗಿಯನ್ನೇ ಹೊಲಿಸಿದೆ.

ಎರಡನೇ ವಾರ, ಲಾರಿಗೆ ಮಾಲು ತುಂಬುವ ಕ್ರಮ ಯಾವುದು ಎಂದು ಕೇಳಿದೆ. ಸೂಲಿಬೆಲೆ ಕಡೆಯ ಹೆಂಗಸೊಬ್ಬರಿದ್ದರು. ಹಾಲಿನ ಡೇರಿ ನೋಡಿಕೊಳ್ಳುವವರು, ವಯಸ್ಸು ನನ್ನಷ್ಟೇ. ಅವರು ಮೊದಲ ಸಲ ಬಾಯಿ ಬಿಟ್ಟರು.

"ಮೊದ್ಲು ಇಳಿಸೋದನ್ನ ಮೊದ್ಲು ತುಂಬ್ಬೇಕು ಸಾರ್."

"ಹಂಗಾದ್ರೆ ಅದು ಒಳಗೆ ಸೇರ್ಕೊಂಡ್ಬಿಡತ್ತೆ. ಇಡೀ ಲಾರಿ ಖಾಲಿ ಮಾಡಿ ತೆಗೀತೀರಾ ಅಮ್ಮಾ?"

ಎಲ್ಲರೂ ನಕ್ಕರು. ನಾನು ಮೀಸೆ ತಿರುವಿಕೊಂಡೆ. ಅವರ ಮುಖ ಪರದೆಯಿಂದ ಮಾಯವಾಯಿತು. ಮರುದಿನ ಮೆಸೇಜು ಬಂತು: ಕೋರ್ಸ್ ಬಿಡ್ತಾ ಇದೀನಿ.

ಫೋನ್ ಮಾಡಿದೆ.

"ತಪ್ಪು ಹೇಳಿದ್ರೆ ತಿದ್ದಬಾರ್ದಾ ಅಮ್ಮಾ?"

"ತಿದ್ದಿ ಸಾರ್, ಯಾರ್ ಬ್ಯಾಡ ಅಂದ್ರು? ಪಕ್ಕದಲ್ಲೇ ನನ್ ಸೊಸೆ ಕೂತಿದ್ಲು. ಇನ್ಮೇಲೆ ಒಂದು ಪಾತ್ರೆ ತೆಗೆಯೋಕೆ ಹೋದ್ರೂ ಲಾರಿ ಖಾಲಿ ಮಾಡ್ತೀರಾ ಅತ್ತೆ ಅಂತಾಳೆ."

ಇದು ನನಗೆ ಹೊಳೆದಿರಲಿಲ್ಲ. ಮಕ್ಕಳು ಮನೆ ಬಿಟ್ಟು ಶಾಲೆಗೆ ಹೋಗುತ್ತಾರೆ. ದೊಡ್ಡವರಿಗಾದರೆ ಕಾಲೇಜೇ ನಡುಮನೆಗೆ ಬಂದು ಕೂರುತ್ತದೆ. ಸೊಸೆ, ಬೀಗರ ಎದುರಿಗೇ ಅವರು ತಪ್ಪುತ್ತರ ಕೊಡಬೇಕು.

ಮೆತ್ತಗೆ ಹೇಳಿದೆ: "ಮೇಸ್ತ್ರಿ ಆದ ವಾರ ನಾನೂ ಅದನ್ನೇ ಮಾಡಿದ್ದೆ ಕಣಮ್ಮಾ. ಮೊದ್ಲು ಅರಿಶಿನಕುಂಟೆಲಿ ಇಳಿಸೋ ಮಾಲು ಒಳಗೆ, ಆಮೇಲಿನ ತುಮಕೂರಿಂದು ಬಾಗಿಲ ಹತ್ರ. ಹೈವೇ ಪಕ್ಕ ಪೂರ್ತಿ ಇಳಿಸಿ ಮತ್ತೆ ತುಂಬಿದೆ."

"ಅದನ್ನ ನಂಗ್ಯಾಕೆ ಹೇಳ್ತೀರಾ? ನಕ್ರಲ್ಲ, ಅವ್ರಿಗೆ ಹೇಳಿ. ಬರೋದು ಬಿಡೋದು ಆಮೇಲೆ ನೋಡೋಣ."

ಆ ವಾರ ಊಟ ಸೇರಲಿಲ್ಲ ಎಂದರೆ ಸುಳ್ಳು, ಸೇರಿತು, ರುಚಿಸಲಿಲ್ಲ. ಹೆಂಡತಿಗೂ ಹೇಳದ ಕತೆ ಅದು. ಭಾನುವಾರ ಹೇಳಿಯೇಬಿಟ್ಟೆ. ಅಲ್ಲಿಯವರೆಗೆ ಕಪ್ಪಗಿದ್ದ ಚೌಕಗಳಲ್ಲಿ ಒಂದೊಂದೇ ಮುಖ ಮೂಡಿತು. ಒಬ್ಬೊಬ್ಬರೂ ತಾವು ಮಾಡಿದ ಎಡವಟ್ಟು ಹೇಳತೊಡಗಿದರು. ಅಂದಿನಿಂದ ನನ್ನ ಪಾಠದ ಕ್ರಮ ಇಷ್ಟೇ: ಮೊದಲು ನನ್ನ ತಪ್ಪು, ಆಮೇಲೆ ಅವರದು. ತಿದ್ದುವುದಿದ್ದರೆ ಫೋನಿನಲ್ಲಿ.

ಆ ಭಾನುವಾರ ತರಗತಿಯ ಕೊನೆಗೆ ಸೂಲಿಬೆಲೆಯವರ ಮೈಕೂ ತೆರೆಯಿತು.

"ಡ್ರೈವರ್ ಏನಂದ ಸಾರ್?"

"ಅದನ್ನ ಕ್ಲಾಸಲ್ಲಿ ಹೇಳೋಕಾಗಲ್ಲ ಕಣಮ್ಮಾ."

"ಹೋಗ್ಲಿ ಬಿಡಿ. ಇನ್ನೊಂದು ಲಾರಿ ಕೊಡಿ, ನಾನ್ ತುಂಬ್ತೀನಿ."